ಲಾವಕ್ಕಿ ಹೊಲದಲ್ಲಿ ಎರವಲು ದನಿ

ಆ ಫೋನ್ ಬಂದಾಗ ನಾನು ಶಿಕಾಗೋ ಪಕ್ಕದ ಸ್ಕೋಕಿಯ ಬಾಡಿಗೆ ಮನೆಯಲ್ಲಿ, ನಡುಮಧ್ಯಾಹ್ನ, ಹಾಸಿಗೆಯ ಮೇಲೆ ಬಿದ್ದುಕೊಂಡು ಚಾವಣಿಯ ಫ್ಯಾನುಗಳನ್ನು ಎಣಿಸುತ್ತಿದ್ದೆ. ಫ್ಯಾನ್ ಇದ್ದದ್ದು ಒಂದೇ. ಬಿಡುವು ಎಷ್ಟಿತ್ತು ಎಂದು ತಿಳಿಯಲಿ ಅಂತ ಹೇಳಿದೆ.

ಇಟಾಸ್ಕಾದ ಆಫೀಸಿನಿಂದ ನನ್ನನ್ನು ತೆಗೆದು ಕೆಲವು ವಾರಗಳಾಗಿದ್ದವು. ರಿಸೆಷನ್ ಆಗಿನ್ನೂ ಟೀವಿಯಿಂದ ಇಳಿದು ಮನೆಮನೆಯ ಸೋಫಾದ ಮೇಲೆ ಬಂದು ಕೂತಿತ್ತು. ಮ್ಯಾನೇಜರ್ ನನ್ನನ್ನು ಗಾಜಿನ ಕೋಣೆಗೆ ಕರೆದು, ಸಾವಿನ ಮನೆಗೆ ಮಾತಾಡಿಸಲು ಬಂದವರ ದನಿಯಲ್ಲಿ, ಇದು ನಿನ್ನ ತಪ್ಪಲ್ಲ ಎಂದು ಮತ್ತೆ ಮತ್ತೆ ಹೇಳಿದ್ದ. ಪ್ರತಿ ಸಲವೂ ‘ತಪ್ಪಲ್ಲ’ಕ್ಕೆ ಮುಂಚೆ ಮೂಗಿನಿಂದ ಒಂದು ಸಣ್ಣ ಉಸಿರು ಬಿಡುತ್ತಿದ್ದ. ಕೆಲಸ ಹೋಗುತ್ತಿರುವ ಆ ಗಳಿಗೆಯಲ್ಲೂ ನನ್ನ ಗಮನವೆಲ್ಲ ಆ ಉಸಿರಿನ ಮೇಲೆ. ಸಂಜೆ ರೂಮ್‌ಮೇಟ್‌ನ ಮುಂದೆ ಮಾಡಿ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದಿನ ವಾರ ಅವನ ಆಫೀಸಿನಲ್ಲೂ ಅವನನ್ನು ಅಂಥದೇ ಕೋಣೆಗೆ ಕರೆದರು. ಆಮೇಲೆ ನಮ್ಮ ಮನೆಯಲ್ಲಿ ಆ ಐಟಂ ನಿಂತುಹೋಯಿತು.

ಫೋನ್ ಮಾಡಿದ್ದು ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಆಂಟಿ. ನಮ್ಮ ಅಪ್ಪ ಅಮ್ಮನ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಅವರ ಮನೆ. ನಾವು ಮೈಸೂರಿನ ಕಡೆಯವರು, ಅವರು ಬಾಗಲಕೋಟೆಯ ಕಡೆಯವರು. ನನಗೆ ಹತ್ತು ವರ್ಷವಿದ್ದಾಗ ಮಿಶಿಗನ್ನಿಗೆ ಬಂದ ಮೊದಲ ವಾರವೇ ಅವರು ಜೋಳದ ಕಡಕ್ ರೊಟ್ಟಿ ತಂದುಕೊಟ್ಟಿದ್ದರು. ನಮ್ಮಮ್ಮ ಅದನ್ನು ಹಪ್ಪಳ ಎಂದುಕೊಂಡು ಎಣ್ಣೆಗೆ ಬಿಟ್ಟಿದ್ದರು. ಅಲ್ಲಿಂದ ಸ್ನೇಹ.

“ಏನಪಾ, ಆರಾಮ ಇದ್ದಿ?”

“ಆರಾಮ್ ಆಂಟಿ. ಆರಾಮ ಸ್ವಲ್ಪ ಜಾಸ್ತೀನೇ ಆಗ್ಬಿಟ್ಟಿದೆ.”

“ನಿಮ್ಮ ಅಂಕಲ್ ಹೇಳಾಕತ್ತಾರ, ಖಾಲಿ ಕುಂತಿದ್ರ ಬಾ ಅಂತ. ಹಕ್ಕಿ ಬ್ಯಾಟಿಗೆ.”

ಅವರ ಹಿಂದೆ ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಂಥ ಸದ್ದು ಕೇಳಿಸಿತು.

“ಅಂಕಲ್ ಏನೋ ಅಂದ್ರಲ್ಲ?”

“ಏನಿಲ್ಲ ಬಿಡು.”

“ಇಲ್ಲ ಆಂಟಿ, ಏನೋ ಅಂದ್ರು.”

“ಹೊಲಸ ಮಾತದು, ನನ್ನ ಬಾಯಾಗ ಬರಂಗಿಲ್ಲ. ಒಟ್ಟ, ಬಾ ಅಂದಾರ.”

ಅಂಕಲ್‌ಗೆ ವಸಂತದಲ್ಲಿ ಗಂಟಲ ಗಂಟಿನ ಆಪರೇಷನ್ ಆಗಿತ್ತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಗಾಳಿ. ಎದುರು ಕೂತವರಿಗೆ ಮಾತಾಗಿ ಕೇಳುತ್ತಿತ್ತು, ಕೋಣೆಯ ಆ ತುದಿಯಲ್ಲಿದ್ದವರಿಗೆ ಕೇಳುತ್ತಲೇ ಇರಲಿಲ್ಲ. ಒಂದು ಕಾಲಕ್ಕೆ ಅವರು ತಮ್ಮ ಡ್ರೈವ್‌ವೇಯಲ್ಲಿ ನಿಂತು “ಏನಲೇ” ಅಂದರೆ ನಮ್ಮ ಅಡುಗೆಮನೆಯಲ್ಲಿ ಅಮ್ಮ “ಏನಂತೆ ನೋಡೋ” ಅನ್ನುತ್ತಿದ್ದರು.

ಅವರ ದನಿಯೇ ನನ್ನ ಮೊದಲ ಬಂಡವಾಳ. ಅಮೆರಿಕದಲ್ಲಿ ಬೆಳೆದ ನಮ್ಮ ಓರಗೆಯವರೆಲ್ಲ ಇಂಗ್ಲಿಷಿಗೆ ಜಾರಿಹೋದಾಗ ನನಗೆ ಕನ್ನಡ ಉಳಿದದ್ದು ಚೇಷ್ಟೆಯ ದೆಸೆಯಿಂದ. ಅಂಕಲ್, ಆಂಟಿಯರ ಹಾಗೆ ಮಾತಾಡಿ ತೋರಿಸುವುದಕ್ಕೆ ಭಾಷೆ ಬೇಕಿತ್ತಲ್ಲ. ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಭರತನಾಟ್ಯಕ್ಕೂ ಊಟಕ್ಕೂ ನಡುವೆ ನನ್ನನ್ನು ವೇದಿಕೆಗೆ ತಳ್ಳುತ್ತಿದ್ದರು. ಪ್ರತಿ ವಾಕ್ಯಕ್ಕೂ “ಅಂದ್ರೆ ಏನ್ ಹೇಳ್ತೀನಿ ಅಂದ್ರೆ” ಎಂದು ಸೇರಿಸುವ ಮೈಸೂರಿನ ಡಾಕ್ಟರು, ಮಂತ್ರದ ನಡುವೆ ಪಾರ್ಕಿಂಗ್ ಬಗ್ಗೆ ಹೇಳುವ ಭಟ್ಟರು, ಎಲ್ಲರನ್ನೂ ಮಾಡುತ್ತಿದ್ದೆ. ಕೊನೆಯಲ್ಲಿ ಈ ಅಂಕಲ್ ತಮ್ಮ ನಾಯಿಯನ್ನು ಕರೆಯುವುದು. ಅದಕ್ಕೆ ಚಪ್ಪಾಳೆ ಗ್ಯಾರಂಟಿ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಆ ನಾಯಿಗಳ ಹಿಂದೆ ನಾನು ಹೈಸ್ಕೂಲಿನ ವರ್ಷಗಳೆಲ್ಲ ಅಲೆದಿದ್ದೆ. ಅಂಕಲ್ ಊರಿನ ಕಡೆಯ ಬೇಟೆನಾಯಿ ಓಡುವುದಕ್ಕೆ ಹುಟ್ಟಿದ್ದು. ಮೊಲ ಕಂಡರೆ ಬಾಣ. ಇಲ್ಲಿಯ ಹಕ್ಕಿನಾಯಿ ನಿಲ್ಲುವುದಕ್ಕೆ ಹುಟ್ಟಿದ್ದು. ಲಾವಕ್ಕಿಯ ವಾಸನೆ ಮೂಗಿಗೆ ತಾಗಿದ್ದೇ ಇದ್ದಲ್ಲೇ ಕಲ್ಲಾಗುತ್ತದೆ, ಮುಂಗಾಲೊಂದು ಗಾಳಿಯಲ್ಲಿ. ಬಂದೂಕಿನವರು ಹತ್ತಿರ ಬಂದು ಹಕ್ಕಿಯನ್ನು ಎಬ್ಬಿಸುವ ತನಕ ಅದು ಅಲ್ಲಾಡಬಾರದು. ಈ ಅಂಕಲ್ ತಮ್ಮ ಮೊದಲ ನಾಯಿ ಹಾಗೆ ಕಲ್ಲಾಗಿ ನಿಂತಾಗಲೆಲ್ಲ, ಪಾಪ ಸುಸ್ತಾಗಿದೆ ಎಂದುಕೊಂಡು, ಊರಿನ ಅಭ್ಯಾಸದಂತೆ ‘ಛೂ’ ಬಿಟ್ಟು ಒಂದಿಡೀ ಸೀಸನ್ ಹಾಳುಮಾಡಿಕೊಂಡಿದ್ದರಂತೆ. ಈಗಿನದು ಅವರ ಮೂರನೆಯ ನಾಯಿ. ಬಿಳಿ ಮೈ, ಕಂದು ಕಿವಿ, ಹೆಣ್ಣು. ಅಂಕಲ್ ಅದನ್ನು ಕರೆಯುವುದು ‘ತಂಗಿ’ ಎಂದು. ಅದು ಮರಿಯಾಗಿದ್ದಾಗ ನಾನು ಶಿಕಾಗೋಗೆ ಓದಲು ಹೋದೆ. ಆಮೇಲೆ ಕೆಲಸ, ಆಮೇಲೆ ಸೋಮಾರಿತನ. ಬಂದೂಕು ಮುಟ್ಟಿ ವರ್ಷಗಳೇ ಆಗಿದ್ದವು.

ಶಿಕಾಗೋದಿಂದ ಡೆಟ್ರಾಯಿಟಿಗೆ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಖಾಲಿ ಪಾರ್ಕಿಂಗ್ ಲಾಟುಗಳು. ನಮ್ಮ ಬಡಾವಣೆಯಲ್ಲಿ ಮಾತ್ರ ಹುಲ್ಲು ಎಂದೂ ಇಲ್ಲದಷ್ಟು ಅಚ್ಚುಕಟ್ಟು. ವಾರದ ನಡುವೆ, ಬೆಳಿಗ್ಗೆ ಹತ್ತು ಗಂಟೆಗೆ, ಮನೆಮನೆಯ ಮುಂದೆ ಇಂಜಿನಿಯರುಗಳು ಎಲೆ ಗುಡಿಸುತ್ತಿದ್ದರು. ಒಂದು ಎಲೆ ಬಿದ್ದರೆ ಇಬ್ಬರು ನೋಡುತ್ತಿದ್ದರು.

ಬಾಗಿಲು ತೆಗೆದ ಅಮ್ಮ ನನ್ನ ಕೈಯಲ್ಲಿದ್ದ ಹಳೆಯ ಬೂಟು ನೋಡಿ ಕೇಳಿದರು.

“ಕೆಲಸ ಹುಡ್ಕೋ ಅಂದ್ರೆ ಹಕ್ಕಿ ಹುಡುಕ್ಕೊಂಡು ಬಂದಿದೀಯೇನೋ?”

“ಎರಡಕ್ಕೂ ಅಪ್ಲೈ ಮಾಡಿದೀನಿ ಅಮ್ಮ. ಯಾವುದು ಮೊದಲು ಸಿಗತ್ತೋ ನೋಡೋಣ.”

ಅಮ್ಮ ನಗಲಿಲ್ಲ. ಅವರೂ ಸುಸ್ತಾಗಿದ್ದರು. ಆ ವರ್ಷ ಎಲ್ಲರ ಮುಖದಲ್ಲೂ ರಾತ್ರಿ ರೈಲಿನಲ್ಲಿ ಸೀಟು ಸಿಗದವರ ಕಳೆ.

ಮಾರನೆಯ ದಿನ ಅಂಕಲ್‌ನ ಗರಾಜಿನಲ್ಲಿ ವಿಷಯ ತಿಳಿಯಿತು. ಅವರು ಒಂದು ಕಾರ್ ಕಂಪನಿಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಬಾಗಿಲಿನ ಇಂಜಿನಿಯರ್ ಆಗಿದ್ದವರು. ಕಾರಿನ ಬಾಗಿಲು ಹಾಕಿದಾಗ ‘ಠಪ್’ ಅನ್ನುವ ಸದ್ದು ಎಷ್ಟು ತೂಕದ್ದಿರಬೇಕು ಎನ್ನುವುದೇ ಅವರ ಕೆಲಸ. ಬೇಸಿಗೆಯಲ್ಲಿ ಕಂಪನಿ ಆ ಬಾಗಿಲಿನಿಂದಲೇ ಅವರನ್ನು ಹೊರಗೆ ಕಳಿಸಿತ್ತು. ಅವರ ಮಗಳೂ ನನ್ನ ಹಾಗೆ ಸ್ಕೋಕಿಯಲ್ಲೇ ಇದ್ದಳು; ಮನೆ ಖಾಲಿ ಮಾಡಿ ನಮ್ಮ ಕಾಂಡೋ ಫ್ಲ್ಯಾಟಿಗೆ ಬಂದುಬಿಡಿ ಎನ್ನುತ್ತಿದ್ದಳು. ಆ ಕಾಂಡೋದಲ್ಲಿ ನಾಯಿಗೆ ಜಾಗವಿಲ್ಲ. ಉತ್ತರಕ್ಕೆ ಒಂದು ಗಂಟೆಯ ದಾರಿಯಲ್ಲಿ ಒಬ್ಬ ರೈತ ಬೇಟೆಯ ಹೊಲ ಇಟ್ಟುಕೊಂಡಿದ್ದ. ಸಾಕಿದ ಲಾವಕ್ಕಿಗಳನ್ನು ಹುಲ್ಲಿನಲ್ಲಿ ಬಿಟ್ಟು, ದುಡ್ಡು ಕೊಟ್ಟು ಬರುವ ಬೇಟೆಯ ಆಸೆಯವರಿಗೆ ಹೊಲ ತೋರಿಸುವವನು. ಅವನಿಗೆ ಈ ಸೀಸನ್ನಿಗೆ ಸ್ವಂತ ನಾಯಿಯಿರುವ ಒಬ್ಬ ಆಳು ಬೇಕಿತ್ತು. ಅತಿಥಿಗಳನ್ನು ಕರೆದುಕೊಂಡು ಹೋಗಿ, ನಾಯಿಯಿಂದ ಹಕ್ಕಿ ಹುಡುಕಿಸಿ, ಕ್ಷೇಮವಾಗಿ ವಾಪಸು ತರಬೇಕು. ಕೆಲಸ ಸಿಕ್ಕರೆ ಅಂಕಲ್ ಆಂಟಿ ಇಲ್ಲೇ ಉಳಿಯುವುದು, ತಂಗಿಯ ಜೊತೆ. ಸಿಗದಿದ್ದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಅವರು ಸ್ಕೋಕಿಗೆ, ತಂಗಿ ಯಾರೋ ಅಪರಿಚಿತರ ಮನೆಗೆ.

“ಶನಿವಾರ ಪರೀಕ್ಷಾ,” ಅಂಕಲ್ ಗಾಳಿಯಲ್ಲಿ ಹೇಳಿದರು. ನಾನು ಕಿವಿಯನ್ನು ಅವರ ಮೀಸೆಯ ಹತ್ತಿರಕ್ಕೆ ಒಯ್ದೆ. “ಅಕಿ ದೂರ ಹೋದ್ರ ನಾ ಹೆಂಗ ಕರೀಲಿ? ನಂದು ದನಿ ಹೋಗೇತಿ. ನಿನ್ನ ಹಂತ್ಯಾಕ ನಂದೊಂದು ಇಟ್ಟೀಯಲ್ಲ ತಮ್ಮಾ, ಅದನ್ನ ಕೊಡು ಈ ಸೀಸನ್ ಮುಗಿಯೂತನಕ.”

“ಸೀಟಿ ಊದಬಹುದಲ್ಲ ಅಂಕಲ್? ಎಲ್ಲರೂ ಅದನ್ನೇ ತಾನೇ ಊದೋದು?”

“ನಾ ಏನ್ ಟ್ರಾಫಿಕ್ ಪೊಲೀಸ ಅದೀನಿ? ಅಕಿಗೆ ಮರಿ ಇದ್ದಾಗಿಂದ ಬಾಯಿಮಾತ ಕಲಿಸೇನಿ. ಈಗ ಸೀಟಿ ಕಲಿಸಬೇಕಂದ್ರ ಆರ ತಿಂಗಳು. ಶನಿವಾರ ಅಂದ್ರ ಶನಿವಾರ.”

ಸರಿ, ಒಮ್ಮೆ ನೋಡೋಣ ಎಂದುಕೊಂಡೆ. ತಂಗಿ ಗರಾಜಿನ ಮೂಲೆಯಲ್ಲಿ ಹಳೆಯ ಕಂಬಳಿಯ ಮೇಲೆ ಮಲಗಿತ್ತು. ನನ್ನನ್ನು ಅದು ಗುರುತು ಹಿಡಿದಿರಲಿಲ್ಲ, ಹಿಡಿಯುವ ಇರಾದೆಯೂ ಕಾಣಲಿಲ್ಲ. ನಾನು ಎದೆ ಉಬ್ಬಿಸಿ, ಅಂಕಲ್‌ನ ಹಾಗೆ ಗದ್ದ ಒಳಗೆಳೆದು, ಹೊಟ್ಟೆಯಿಂದ ತೆಗೆದೆ:

“ಹೇ ತಂಗೀ! ಇತ್ತಾಗ ಬಾರವಾ!”

ನಾಯಿ ಛಂಗನೆ ಎದ್ದು ಬಂದಿತು. ಮೂಲೆಯಲ್ಲಿದ್ದ ಖಾಲಿ ಪೇಂಟಿನ ಡಬ್ಬಗಳು ಝೇಂಕರಿಸಿದವು. ಅಂಕಲ್ ತಮ್ಮದೇ ದನಿ ಕೇಳಿ ಸ್ಟೂಲಿನ ಮೇಲೆ ಹಾಗೇ ಕೂತರು. ನಾನು ಇನ್ನೇನು ಬೀಗಬೇಕು, ಅಷ್ಟರಲ್ಲಿ ಮನೆಯೊಳಗಿನ ಬಾಗಿಲು ತೆರೆಯಿತು. ಆಂಟಿ. ಕೈತುಂಬ ಹಿಟ್ಟು, ಕಾಲಿನಲ್ಲಿ ಒಂದೇ ಚಪ್ಪಲಿ.

“ರೀ! ದನಿ ಬಂತೇನ್ರೀ?”

ಆಂಟಿ ಅಂಕಲ್‌ನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಗದ್ದ ಇನ್ನೂ ಅಂಕಲ್‌ನ ಗದ್ದದ ಹಾಗೆಯೇ ಒಳಕ್ಕಿತ್ತು. ಅದನ್ನು ಬಿಡುವುದು ಮರೆತಿತ್ತು.

“ಓ, ನೀನೇನು,” ಎಂದರು ಆಂಟಿ. ಆಮೇಲೆ, “ರೊಟ್ಟಿ ತಿಂದು ಹೋಗಪಾ,” ಎಂದು ಒಳಗೆ ಹೋದರು.

ಎಷ್ಟೋ ವೇದಿಕೆ ಹತ್ತಿದ್ದೇನೆ. ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಅಷ್ಟು ಕೆಟ್ಟದೆನಿಸಿದ್ದೂ ಯಾವತ್ತೂ ಇಲ್ಲ. ರೊಟ್ಟಿ ತಿನ್ನುವಾಗ ಆಂಟಿ ನನ್ನ ತಟ್ಟೆಗೆ ಎರಡು ಸಲ ಶೇಂಗಾ ಚಟ್ನಿ ಹಾಕಿದರು, ಮುಖ ನೋಡಲಿಲ್ಲ.

ರೈತ ಒಂದು ಬೆಳಿಗ್ಗೆ ಅಭ್ಯಾಸಕ್ಕೆಂದು ಹೊಲ ಬಿಟ್ಟುಕೊಟ್ಟ. ಚಳಿ ಮೂವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಿತ್ತು, ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಹುಲ್ಲಿನ ನಡುವೆ ಅಲ್ಲಲ್ಲಿ ಸಾಲುಸಾಲಾಗಿ ಜೋಳದ ಪೈರು, ರೊಟ್ಟಿಯ ಜೋಳದ ಜಾತಿಯದೇ, ತೆನೆ ಸಮೇತ ಒಣಗಲು ಬಿಟ್ಟಿದ್ದರು. ಹಕ್ಕಿ ಅಡಗಲಿ ಎಂದು ಬೆಳೆಯುವುದಂತೆ. ಅಂಕಲ್ ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಕಾಳು ಊದಿ, ಬಾಯಿಗೆ ಹಾಕಿಕೊಂಡರು.

“ನೋಡಲೇ, ನಮ್ಮ ಕಡೆ ಈ ಜೋಳ ತಿನ್ನಾಕ ಬರೋ ಹಕ್ಕೀನ ಓಡಸ್ತಾರ. ಇಲ್ಲೆ ಹಕ್ಕೀನ ಕರಿಯಾಕ ಜೋಳ ಬಿತ್ತತಾರ. ಯಾರ ಶ್ಯಾಣ್ಯಾ?”

“ಹಕ್ಕಿ.”

ಅವರು ನಕ್ಕರು. ನಕ್ಕರೂ ಗಾಳಿಯೇ.

ಆ ದಿನ ನನಗೆ ಗೊತ್ತಾದದ್ದು ಕಾಲುಗಳ ವಿಚಾರ. ಹೈಸ್ಕೂಲಿನಲ್ಲಿ ದಿನವಿಡೀ ನಡೆದಿದ್ದ ಕಾಲುಗಳೇ ಇವು. ಇಟಾಸ್ಕಾದ ಕುರ್ಚಿ ಅವನ್ನು ತಿಂದುಹಾಕಿತ್ತು. ಮೊಣಕಾಲುದ್ದದ ಹುಲ್ಲಿನಲ್ಲಿ ಒಂದು ಹೊಲ ದಾಟುವುದರೊಳಗೆ ತೊಡೆ ನಡುಗಿತು. ಕಿತ್ತಳೆ ಬಣ್ಣದ ಜಾಕೆಟ್ ಹೊಟ್ಟೆಯ ಮೇಲೆ ಮುಚ್ಚುತ್ತಿರಲಿಲ್ಲ. ಕನ್ನಡಿ ಇದ್ದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ: ಹಬ್ಬದ ದಿನ ಕಿರಿಯ ತಮ್ಮನ ಅಂಗಿ ಹಾಕಿಕೊಂಡು ಬಂದ ಕುಂಬಳಕಾಯಿ.

ತಂಗಿ ಜೋಳದ ಸಾಲಿನ ಪಕ್ಕ ತಟ್ಟನೆ ನಿಂತಿತು. ಅಂಕಲ್ ಮುಂದೆ ಹೋಗಿ ಅದರ ಹತ್ತಿರ ಬಗ್ಗಿದರು. ನಾನು ಹಿಂದೆ ನಿಂತು ಬಂದೂಕಿನ ಸೇಫ್ಟಿ ಲಾಕ್ ಎಲ್ಲಿದೆ ಎಂದು ತಡಕುತ್ತಿದ್ದೆ. ಅಂಕಲ್ ಕಾಲಿನಿಂದ ಹುಲ್ಲು ಸರಿಸಿದರು. ಭರ್ರೆಂದು ನೆಲವೇ ಹರಿದುಹೋದ ಹಾಗೆ ಸದ್ದು. ಒಂದು ಹಿಡಿ ಕಂದು ಬಣ್ಣ ನಾಲ್ಕೂ ಕಡೆಗೆ ಚೆಲ್ಲಿತು. ಎಷ್ಟು ವರ್ಷ ಬಿಟ್ಟು ಬಂದರೂ ಆ ಸದ್ದಿಗೆ ಎದೆ ಮೊದಲ ಸಲದ ಹಾಗೆಯೇ ಹಾರುತ್ತದೆ. ನಾನು ಎರಡು ಗುಂಡು ಹಾರಿಸಿದೆ. ಒಂದು ಜೋಳದ ತೆನೆ ಮುರಿದು ಬಿತ್ತು.

“ಅದನ್ನರ ಮನಿಗೆ ತಗೊಂಡ ಹೋಗು,” ಅಂದರು ಅಂಕಲ್. “ನಿಮ್ಮವ್ವ ಶಾಕಾಹಾರಿ ಅಲ್ಲ?”

ಬೆಳಿಗ್ಗೆಯ ಉಳಿದ ಹೊತ್ತು ನಾನು ಬಂದೂಕು ಬಿಟ್ಟು ಬರೀ ಕೂಗಿದೆ. ನಾಯಿ ದೂರ ಹೋದಾಗ ‘ಇತ್ತಾಗ’, ‘ಎಡಕ್ಕ’, ‘ಹೊಳ್ಳಿ ಬಾ’. ಹೊಲದ ಆ ತುದಿಯಿಂದಲೂ ಅದು ಅಂಕಲ್‌ನ ದನಿಗೆ ತಿರುಗುವ ಹಾಗೆ ತಿರುಗಿತು. ಆದರೆ ಬಂದು ನಿಲ್ಲುತ್ತಿದ್ದದ್ದು ಅಂಕಲ್‌ನ ಕಾಲ ಬಳಿ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ದನಿ ಅವರದ್ದು, ಎಲ್ಲಿಂದ ಬಂದರೇನು ಎನ್ನುವ ಹಾಗೆ.

ಶನಿವಾರ ರೈತನ ಜೊತೆ ಇಬ್ಬರು ಅತಿಥಿಗಳಿದ್ದರು. ಪ್ರತಿವರ್ಷ ಬರುವವರು, ಇಬ್ಬರೂ ಅರವತ್ತು ದಾಟಿದವರು, ಆದರೆ ಕೊಕ್ಕರೆಯಂಥ ಕಾಲು. ಒಬ್ಬನ ಕಿವಿಯಲ್ಲಿ ಶ್ರವಣಯಂತ್ರ. ರೈತ ಮಾತಿನಲ್ಲಿ ಜಿಪುಣ. ಕೈಕುಲುಕಿದ, ಆಕಾಶ ನೋಡಿದ, ನಾಯಿಯನ್ನು ನೋಡಿದ, “ಸರಿ” ಅಂದ. ಅವನಿಗೆ ಅಂಕಲ್‌ನ ಗಂಟಲಿನ ವಿಷಯ ಹೇಳಿಯಾಗಿತ್ತು. ಈ ಹುಡುಗ ಕೂಗುತ್ತಾನೆ, ನಾಯಿ ಕೇಳುತ್ತದೆ ಎಂದೂ ಹೇಳಿದ್ದೆವು. ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಅದಕ್ಕೂ “ಸರಿ” ಅಂದ.

ಮೊದಲ ಹೊಲದಲ್ಲಿ ತಂಗಿಯನ್ನು ಬಿಟ್ಟೆವು. ಅದು ಗಾಳಿಗೆ ಎದುರಾಗಿ ಹಾರಿತು. ನಾನು ಶುರುಮಾಡಿದೆ.

“ಹೇ ತಂಗೀ! ಎಡಕ್ಕ ಹೋಗವಾ, ಎಡಕ್ಕ!”

ನನ್ನ ಮೊದಲ ಕೂಗಿಗೇ ಒಬ್ಬ ಅತಿಥಿ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡ. ನನಗೆ ಅದು ಚಪ್ಪಾಳೆಯ ಹಾಗೆ ಕೇಳಿಸಿತು. ನಾಯಿ ಎಡಕ್ಕೆ ತಿರುಗಿತು, ಬಲಕ್ಕೆ ಅಂದರೆ ಬಲಕ್ಕೆ. ಇಂಥ ನಾಯಿ, ಇಂಥ ದನಿ. ರೈತ ಇನ್ನೇನು ಸಹಿ ಹಾಕಬೇಕು ಎಂದುಕೊಂಡೆ. ಅಂಕಲ್ ಹಿಂದೆ ಬಿದ್ದಿದ್ದರು. ಆಪರೇಷನ್ ಆದಮೇಲೆ ಏರು ಹತ್ತಿದರೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

ತಂಗಿ ದಿಬ್ಬ ದಾಟಿತು. ನಾವು ದಿಬ್ಬದ ಮೇಲೆ ಬಂದಾಗ ಕೆಳಗೆ ಜೋಳದ ಸಾಲಿನ ಅಂಚಿನಲ್ಲಿ ಕಲ್ಲಾಗಿ ನಿಂತಿತ್ತು. ಮುಂಗಾಲು ಮೇಲೆ, ಬಾಲ ನೆಟ್ಟಗೆ. ಅತಿಥಿಗಳು ಬಂದೂಕು ಸರಿಮಾಡಿಕೊಂಡರು. ಅಂಕಲ್ ಹಿಂದಿನಿಂದ ಕೈಬೀಸಿದರು: ನೀ ಓಡು. ನಾನು ಇಳಿಜಾರಿನಲ್ಲಿ ಓಡಿ, ನಾಯಿಯ ಹಿಂದೆ ಹೋಗಿ ನಿಂತೆ. ಅದರ ಬೆನ್ನು ಸಣ್ಣಗೆ ನಡುಗುತ್ತಿತ್ತು. ಅತಿಥಿಗಳು ಬರುವ ತನಕ ಅದನ್ನು ಹಿಡಿದು ನಿಲ್ಲಿಸಬೇಕು. ನಿಲ್ಲಿಸುವ ಮಾತು ಗೊತ್ತಿತ್ತು. ಗದ್ದ ಒಳಗೆಳೆದುಕೊಂಡು ಕೂಗಿದೆ:

“ತಡೀ ತಂಗೀ! ತಡೀ!”

ನಾಯಿ ಬೆಚ್ಚಿಬಿದ್ದು ಹಿಂತಿರುಗಿ ನೋಡಿತು. ಅದರ ಕಣ್ಣಲ್ಲಿ ಕಂಡದ್ದು ಬರೀ ಗೊಂದಲ. ಮರುಕ್ಷಣ ಸಾಲಿನೊಳಕ್ಕೆ ನೆಗೆಯಿತು. ಭರ್ರೆಂದು ಇಡೀ ಗುಂಪೇ ಎದ್ದು ಕಾಡಿನ ಕಡೆ ಹಾರಿಹೋಯಿತು. ಅತಿಥಿಗಳು ಇನ್ನೂ ಇಳಿಜಾರಿನಲ್ಲಿದ್ದರು. ಒಬ್ಬರೂ ಗುಂಡು ಹಾರಿಸಲಿಲ್ಲ. ರೈತ ಟೊಪ್ಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ.

ಅಂಕಲ್ ಏದುಸಿರು ಬಿಡುತ್ತ ಬಂದರು. ನನ್ನ ತೋಳು ಹಿಡಿದು ಸ್ವಲ್ಪ ದೂರ ಕರೆದೊಯ್ದರು.

“ಹೆಂಗ ಒದರಿದಿ?”

“ನಿಮ್ ಥರಾನೇ ಅಂಕಲ್. ಒಂಚೂರೂ ವ್ಯತ್ಯಾಸ ಇರ್ಲಿಲ್ಲ.”

“ಅಕಿ ದೂರ ಇದ್ದಾಗ ನಾ ಹಂಗ ಒದರ್ತೀನಿ. ಹಕ್ಕಿ ಮೂಗಿನ ಮುಂದ ಇದ್ದಾಗ ಯಾರರ ಒದರ್ತಾರೇನಲೇ? ಅವಾಗ ಸಣ್ಣಗ ಹೇಳ್ತೀನಿ. ನೀ ಕೇಳೇ ಇಲ್ಲೇನು?”

ಕೇಳಿರಲಿಲ್ಲ. ಹೈಸ್ಕೂಲಿನ ಅಷ್ಟೂ ವರ್ಷ ಅವರು ನಾಯಿಯ ಪಕ್ಕ ಬಗ್ಗಿದಾಗಲೆಲ್ಲ ನಾನು ಹಿಂದೆ ನಿಂತು ಬಂದೂಕು ಸಿದ್ಧಮಾಡಿಕೊಳ್ಳುತ್ತಿದ್ದೆ. ಇಲ್ಲವೇ ಅವರ ಹಿಂದಿನ ಕೂಗನ್ನು ಮನಸ್ಸಿನಲ್ಲೇ ಮಾಡಿ ನೋಡುತ್ತಿದ್ದೆ. ಸಣ್ಣ ದನಿಗೆ ಯಾರು ನಗುತ್ತಾರೆ? ಯಾವ ಯುಗಾದಿಗೆ ಅದು ಬೇಕಿತ್ತು? ಅವರಿಂದ ನಾನು ಎತ್ತಿಕೊಂಡದ್ದು ಗದ್ದಲವನ್ನಷ್ಟೇ.

ಅಂಕಲ್ ಜೇಬಿನಿಂದ ಉದ್ದನೆಯ ಹಗ್ಗ ತೆಗೆದು ತಂಗಿಯ ಕೊರಳಪಟ್ಟಿಗೆ ಕಟ್ಟಿದರು. ಆಮೇಲೆ ರೈತನ ಬಳಿ ಹೋಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಅಷ್ಟು ಎತ್ತರದ ಮನುಷ್ಯ ಸೊಂಟದಿಂದ ಬಗ್ಗಿ ಕೇಳಿಸಿಕೊಂಡ. ಇನ್ನೊಂದು ಹೊಲ ಕೊಡಿ, ನಾಯಿಯನ್ನು ಹಗ್ಗದಲ್ಲಿ ಹತ್ತಿರವೇ ಇಟ್ಟುಕೊಂಡು ನಾನೇ ನಡೆಸುತ್ತೇನೆ, ನಿಧಾನವಾಗಿ ಹೋಗೋಣ, ಅಷ್ಟೇ. ರೈತ ಅತಿಥಿಗಳ ಮುಖ ನೋಡಿದ. ಯಂತ್ರ ಜೇಬಿನಲ್ಲಿಟ್ಟಿದ್ದವನು ಹೆಗಲು ಕುಣಿಸಿದ. “ಒಂದೇ,” ಅಂದ ರೈತ.

ಎರಡನೆಯ ಹೊಲದಲ್ಲಿ ನಾನು ಬಾಯಿಮುಚ್ಚಿಕೊಂಡು ನಡೆದೆ. ಅದು ನನಗೆ ಓಡುವುದಕ್ಕಿಂತ ಕಷ್ಟ. ನಾಯಿ ಹಗ್ಗ ಎಳೆದುಕೊಂಡು ನಮ್ಮ ಮುಂದೆಯೇ ಹುಲ್ಲನ್ನು ಮೂಸುತ್ತ ಹೋಯಿತು. ಮೊದಲ ಸಾಲಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ರೈತ ಹಿಂದಿನಿಂದ ಮೂಗು ಎಳೆದುಕೊಂಡಾಗಲೆಲ್ಲ ಅಂಕಲ್‌ನ ಕತ್ತಿನ ಗಾಯದ ಗೆರೆ ಕೆಂಪಾಗುತ್ತಿತ್ತು. ಹೊಲದ ಕೊನೆಯಲ್ಲಿ, ಬೇಲಿಯ ಹತ್ತಿರದ ಒಂದು ಪೊದೆಯ ಮುಂದೆ, ತಂಗಿ ನಿಂತಿತು.

ಅಂಕಲ್ ಹಗ್ಗ ಹಿಡಿದುಕೊಂಡೇ ಕೈ ಮೇಲೆ ಕೈ ಇಡುತ್ತ ಮುಂದೆ ಸರಿದರು. ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಅವರು ಬಗ್ಗಿದರು. ಆಗ ಕೇಳಿಸಿತು.

“ಹೌದವಾ... ಹೌದು ನಮ್ಮವ್ವ. ಅಲ್ಲೇ ಅದಾವ. ಗಡಬಡಿ ಮಾಡಬ್ಯಾಡ. ನಿನ್ನ ಬಿಟ್ಟು ಎಲ್ಲಿ ಹೊಕ್ಕಾವ? ತಡಿ, ತಡಿ ನನ್ನವ್ವ...”

ಜ್ವರ ಬಂದ ಮಗುವಿನ ಹಣೆಗೆ ಒದ್ದೆಬಟ್ಟೆ ಹಾಕುವಾಗ ಹೇಳುವ ದನಿ ಅದು. ಆಪರೇಷನ್ನು ಅದನ್ನು ಮುಟ್ಟಿರಲಿಲ್ಲ. ಅಲ್ಲಿ ಮೊದಲಿನಿಂದಲೂ ಇದ್ದದ್ದು ಗಾಳಿಯೇ. ನಾಯಿಯ ಬೆನ್ನಿನ ನಡುಕ ನಿಂತಿತು. ಅತಿಥಿಗಳು ಎರಡೂ ಪಕ್ಕಕ್ಕೆ ಬಂದು, ಅವಸರವಿಲ್ಲದೆ ಕಾಲು ಊರಿಕೊಂಡರು. ಅಂಕಲ್ ಪೊದೆಯನ್ನು ಕಾಲಿನಿಂದ ಸರಿಸಿದರು.

ಹಕ್ಕಿಗಳೆದ್ದವು. ಎರಡು ಗುಂಡು ಹಾರಿದವು. ಒಂದು ಹಕ್ಕಿ ಬೇಲಿಯ ಈಚೆ ಬಿತ್ತು. ತಂಗಿ ಅಲ್ಲಾಡಲಿಲ್ಲ. ಅಂಕಲ್ ಏನೋ ಅಂದರು, ಅದು ನನಗೂ ಕೇಳಲಿಲ್ಲ. ಆಗ ಹೋಗಿ ಹಕ್ಕಿಯನ್ನು ಬಾಯಲ್ಲಿ ಹಿಡಿದು ತಂದು ಅವರ ಕೈಯಲ್ಲಿಟ್ಟಿತು. ಕಿವಿಯ ಯಂತ್ರದವನು ಅದನ್ನು ಜೇಬಿನಿಂದ ತೆಗೆದು ಮತ್ತೆ ಕಿವಿಗೆ ಹಾಕಿಕೊಂಡ.

ರೈತ ನಮ್ಮಿಬ್ಬರ ಹತ್ತಿರ ಬಂದು ಅಂಕಲ್‌ನ ಜೊತೆ ಮಾತಾಡಿದ. ಅವನ ಲೆಕ್ಕಕ್ಕೆ ಅದು ಭಾಷಣವೇ. ಇಲ್ಲಿಗೆ ಬರುವವರು ಹೆಚ್ಚಿನವರು ವಯಸ್ಸಾದವರು. ನಿಧಾನ ನಡೆಯುತ್ತಾರೆ, ಸದ್ದಿಲ್ಲದ ಕಡೆ ಇರಬೇಕೆಂದೇ ಬರುತ್ತಾರೆ. ನಾಯಿ ಹಗ್ಗದಲ್ಲಿದ್ದರೆ ಅವರಿಗೂ ಅನುಕೂಲ. ಮೂರನೆಯ ಹೊಲಕ್ಕೆ ನೀವೇ ಇವರನ್ನು ಕರೆದುಕೊಂಡು ಹೋಗಿ. ಬಂದಮೇಲೆ ಯಾವ ಯಾವ ದಿನ ಎಂದು ಕೂತು ಮಾತಾಡೋಣ. ಆಮೇಲೆ ಗದ್ದದಿಂದ ನನ್ನ ಕಡೆ ತೋರಿಸಿದ. ಕೂಗಾಟ ಮಾತ್ರ ಬೇಡ.

ಅಂದರೆ ಕೆಲಸ ಸಿಕ್ಕಿತ್ತು. ಅದೇ ವಾಕ್ಯದಲ್ಲಿ, ಆ ವರ್ಷ ಎರಡನೆಯ ಸಲ, ನನ್ನದು ಹೋಗಿತ್ತು.

ಅಂಕಲ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಆಮೇಲೆ ನನ್ನ ಹತ್ತಿರ ಬಂದು ತಮ್ಮ ಪಿಕಪ್ ಟ್ರಕ್ಕಿನ ಕೀಲಿ ಕೊಟ್ಟರು. ಮುಖದಲ್ಲಿ ನಗು ತಡೆಯಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

“ಸಿಟ್ಟಾಗಬ್ಯಾಡ ತಮ್ಮಾ.”

“ಸಿಟ್ಟಿಲ್ಲ ಅಂಕಲ್. ಕಾಲು ನೋಯ್ತಿದೆ, ಅಷ್ಟೇ.”

“ಹೀಟರ್ ಹಚ್ಚಿಕೊಂಡು ಕುಂದ್ರು. ನಿಮ್ಮ ಆಂಟಿಗೆ ಫೋನ್ ಮಾಡಿ ಹೇಳು.” ಎರಡು ಹೆಜ್ಜೆ ಹೋಗಿ ಹಿಂತಿರುಗಿದರು. “ನಿನ್ನ ದನ್ಯಾಗ ಹೇಳು. ನನ್ನ ದನ್ಯಾಗ ಹೇಳಿಗೀಳಿ.”

ಟ್ರಕ್ಕಿನಲ್ಲಿ ಕೂತು ಆಂಟಿಗೆ ಫೋನ್ ಮಾಡಿದೆ. ಕೆಲಸ ಸಿಕ್ಕಿತು ಎಂದೆ. “ನಾಯಿ ಇಲ್ಲೇ ಇರ್ತತಿ ಹಂಗಾರ,” ಎಂದರು ಆಂಟಿ. ಇರುತ್ತದೆ ಎಂದೆ. “ನೀ ಏನರ ತಿಂದೀಯೋ ಇಲ್ಲೋ?” ಎಂದು ಕೇಳಿದರು. ಏನು ಹೇಳಿದೆನೋ ನೆನಪಿಲ್ಲ.

ಗಾಜಿನಾಚೆ ಅವರು ಮೂವರೂ ಮೂರನೆಯ ಹೊಲವನ್ನು ಹತ್ತುತ್ತಿದ್ದರು, ಮುಂದೆ ಹಗ್ಗ, ಹಗ್ಗದ ತುದಿಯಲ್ಲಿ ಬಿಳಿಯ ಚುಕ್ಕೆ. ಹೀಟರ್ ಕಾಲಿಗೆ ಬಿಸಿ ಊದುತ್ತಿತ್ತು. ತೊಡೆಯ ನೋವು ಮೆಲ್ಲಗೆ ಭಾರವಾಗಿ ಇಳಿಯಿತು. ಬಿಳಿಯ ಚುಕ್ಕೆ ನಿಂತಿತು. ಹಿಂದಿನವರೂ ನಿಂತರು. ಕಿತ್ತಳೆ ಟೊಪ್ಪಿಯೊಂದು ಮಾತ್ರ ಮೆಲ್ಲಗೆ ಮುಂದೆ ಹೋಗಿ ಬಗ್ಗಿತು, ಬಹಳ ಹೊತ್ತು ಬಗ್ಗಿಯೇ ಇತ್ತು. ಗುಂಡಿನ ಸದ್ದಿಗೆ ಕಾಯುತ್ತ ಸೀಟಿಗೆ ತಲೆ ಆನಿಸಿದೆ. ಸದ್ದು ಬಂತೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು.